ಹಲಸಿನ ಹಲಗೆಗೆ ಆರು ತಂತಿ

"ಇದು ಎಂತ ಮಾಷ್ಟ್ರೇ? ವೀಣೆಯೂ ಅಲ್ಲ, ಮಣೆಯೂ ಅಲ್ಲ!"

ಕಾಪುವಿನಲ್ಲಿ, ದೀಪಸ್ತಂಭದ ದಾರಿಯಿಂದ ತುಸು ಒಳಗಿರುವ ಮರಗೆಲಸದ ಕೊಟ್ಟಿಗೆಯಲ್ಲಿ ನನ್ನ ಮಗ ಬಿಡಿಸಿಟ್ಟ ನಕ್ಷೆಯನ್ನು ನೋಡಿ ಆಚಾರ್ರು ಆಡಿದ ಮೊದಲ ಮಾತು ಇದು. ನಕ್ಷೆಯಲ್ಲಿದ್ದುದು ಎಲೆಕ್ಟ್ರಿಕ್ ಗಿಟಾರ್. ಅದೂ ಹೊಸ ನಮೂನೆಯದಲ್ಲ, 1950ರ ದಶಕದ ಅಮೆರಿಕದ ಮಾದರಿ. ಟೊಳ್ಳು ಹೊಟ್ಟೆಯಿಲ್ಲ, ನಾದರಂಧ್ರವಿಲ್ಲ. ಒಂದೂಮುಕ್ಕಾಲು ಇಂಚು ದಪ್ಪದ ಗಟ್ಟಿ ಹಲಗೆ, ಅದಕ್ಕೆ ನಾಲ್ಕು ತಿರುಪಿನಿಂದ ಬಿಗಿದ ಒಂದು ದಂಡಿ, ಆರು ಉಕ್ಕಿನ ತಂತಿ. ತೆಂಗಿನಕಾಯಿ ತುರಿಯುವ ಮಣೆಗೆ ಕೈಕಾಲು ಬಂದಂತಿದೆ ಎಂದು ನನಗೂ ಅನಿಸಿತ್ತು.

ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ. ಮಣಿಪಾಲದ ಹುಡುಗರಲ್ಲಿ ಗಿಟಾರಿನ ಹುಚ್ಚು ಎಷ್ಟೆಂಬುದು ಸಂಜೆ ಅಲ್ಲಿ ತಿರುಗಾಡಿದವರಿಗೆ ಗೊತ್ತು. ಗೆಳೆಯನೊಬ್ಬನ ವಿದೇಶಿ ಗಿಟಾರನ್ನು ಎರಡು ದಿನ ಮನೆಗೆ ತಂದು ನುಡಿಸಿದ ಮೇಲೆ ಇವನಿಗೂ ಅದೇ ಬೇಕಾಯಿತು. ಬೆಲೆ ಕೇಳಿದೆ. ನನ್ನ ಎರಡು ತಿಂಗಳ ಸಂಬಳ! ಕೋಲ್ಕತ್ತಾದ ಗಿವ್‌ಸನ್ ಗಿಟಾರುಗಳು ಕಡಿಮೆ ಬೆಲೆಗೆ ಸಿಗುತ್ತವಲ್ಲ ಎಂದೆ. ಅವನು ಸುಮ್ಮನಾದ. ವಾರ ಕಳೆದು ಬಂದು, "ಅಪ್ಪಾ, ನಾನೇ ಮಾಡ್ತೇನೆ" ಎಂದ. ಅವನ ಅಮ್ಮ ಹಾಕಿದ್ದು ಒಂದೇ ಷರತ್ತು: ಒಂದು ವಿಷಯದಲ್ಲಿ ಫೇಲಾದರೂ ಹಲಗೆ ಬಚ್ಚಲ ಒಲೆಗೆ.

ಮಕ್ಕಳು ಇಂಥ ಮಾತು ಆಡಿದಾಗ ತಂದೆತಾಯಿಯರ ಎದೆ ಹೇಗೆ ಧಸಕ್ಕೆನ್ನುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುವವನು. ಅಂಕಕ್ಕೆ ಅಂಜುವವರ ಸಾಲಿನಲ್ಲಿ ಮುಂದೆಯೇ ನಿಲ್ಲುವವನು. ಆದರೂ ಒಪ್ಪಿದೆ. ಒಪ್ಪಲು ಕಾರಣ, ಅವನು ನನ್ನ ಮುಂದೆ ಇಟ್ಟ ಒಬ್ಬ ಮನುಷ್ಯನ ಕಥೆ.

ರೇಡಿಯೋ ರಿಪೇರಿಯವನ ಗಿಟಾರು

ಲಿಯೋ ಫೆಂಡರ್ ಹುಟ್ಟಿದ್ದು 1909ರಲ್ಲಿ, ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರ ಮನೆಯಲ್ಲಿ. ಬಾಲ್ಯದಲ್ಲೇ ಒಂದು ಕಣ್ಣು ಹೋಯಿತು. ಓದಿದ್ದು ಲೆಕ್ಕಪತ್ರ. ಆರ್ಥಿಕ ಕುಸಿತದ ದಿನಗಳಲ್ಲಿ ಗುಮಾಸ್ತಿಕೆಯೂ ಕೈಬಿಟ್ಟಿತು. ಹುಡುಗನಿಗೆ ಚಿಕ್ಕಂದಿನಿಂದ ರೇಡಿಯೋ ಬಿಚ್ಚಿ ಜೋಡಿಸುವ ಚಟ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಸಭೆ ಸಮಾರಂಭಕ್ಕೆ ಮೈಕು ಬಾಡಿಗೆಗೆ ಕೊಡುವುದು, ವಾದ್ಯಗಾರರ ಆಂಪ್ಲಿಫಯರ್ ದುರಸ್ತಿ ಮಾಡುವುದು ಅವನ ಕೆಲಸ. ನಮ್ಮ ಉಡುಪಿಯ ಪೇಟೆಯಲ್ಲಿ ಒಂದು ಕಾಲಕ್ಕೆ ಇಂಥ ಅಂಗಡಿಗಳು ಎಷ್ಟಿದ್ದವು! ರಾಳದ ವಾಸನೆ, ಬಿಚ್ಚಿಟ್ಟ ಮರ್ಫಿ ರೇಡಿಯೋ, ಮೂಗಿನ ತುದಿಗೆ ಜಾರಿದ ಕನ್ನಡಕ. ಫೆಂಡರನನ್ನು ಅಂಥದೇ ಒಂದು ಅಂಗಡಿಯಲ್ಲಿ ಕೂರಿಸಿ ನೋಡಿದರೆ ಸಾಕು.

ಅವನ ಅಂಗಡಿಗೆ ಬರುತ್ತಿದ್ದ ಗಿಟಾರುವಾದಕರದು ಒಂದೇ ದೂರು. ಟೊಳ್ಳು ಗಿಟಾರಿಗೆ ಪಿಕಪ್ ಹಾಕಿ ಶಬ್ದ ಏರಿಸಿದರೆ ಅದು ಕೂಗುತ್ತದೆ! ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕುಂಯ್ ಎನ್ನುವುದಲ್ಲ, ಅದೇ. ಸ್ಪೀಕರಿನ ಶಬ್ದಕ್ಕೆ ಗಿಟಾರಿನ ಹೊಟ್ಟೆ ನಡುಗುತ್ತದೆ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಹೊಟ್ಟೆಯನ್ನೇ ತೆಗೆದುಬಿಟ್ಟರೆ? ಗಟ್ಟಿ ಹಲಗೆಯ ಯೋಚನೆ ಇವನೊಬ್ಬನದೇ ಎನ್ನುವಂತಿಲ್ಲ. ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೇ ಪೈನ್ ಮರದ ತುಂಡಿಗೆ ತಂತಿ ಕಟ್ಟಿ ನುಡಿಸಿದ್ದ. ಆದರೆ ಯಾರು ಬೇಕಾದರೂ ಕೊಯ್ದು, ಕೊರೆದು, ಜೋಡಿಸಬಹುದಾದ ಸರಳ ರೂಪ ಕೊಟ್ಟವನು ಫೆಂಡರ್. 1950ರಲ್ಲಿ ಬಂದ ಅವನ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂಬ ಹೆಸರಿತ್ತು. ಇನ್ನೊಂದು ಕಂಪೆನಿಯ ಡ್ರಮ್ಮಿಗೆ ಅದೇ ಹೆಸರಿದ್ದುದರಿಂದ ತಕರಾರು ಬಂತು. ಜುಗ್ಗನಾದ ಫೆಂಡರ್ ಅಚ್ಚಾಗಿದ್ದ ಚೀಟಿಗಳನ್ನು ಎಸೆಯಲಿಲ್ಲ, ಕತ್ತರಿಯಿಂದ ಆ ಹೆಸರನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಅಂಟಿಸಿದ! ಕೆಲವು ತಿಂಗಳು ಹೆಸರಿಲ್ಲದೆಯೇ ಮಾರಾಟವಾದ ಆ ಗಿಟಾರಿಗೆ 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಬಂತು. ಆಗ ಟೆಲಿವಿಷನ್ ಹೊಸತು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂತು.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೊನೆಯವರೆಗೂ ಕಲಿಯಲಿಲ್ಲ. ಅವನು ನೋಡಿದ್ದು ಕೆಟ್ಟರೆ ಬಿಚ್ಚಲಾಗುತ್ತದೆಯೇ ಎಂದು. ದಂಡಿ ಬಾಗಿತೇ? ನಾಲ್ಕು ತಿರುಪು ಬಿಚ್ಚಿ ಬೇರೆ ಹಾಕು. 1965ರ ಜನವರಿಯಲ್ಲಿ ಅವನು ಕಂಪೆನಿಯನ್ನು ಸಿಬಿಎಸ್ ಸಂಸ್ಥೆಗೆ 130 ಲಕ್ಷ ಡಾಲರಿಗೆ ಮಾರಿದ. ಆಮೇಲೆ ಬಂದ ವಾದ್ಯಗಳಲ್ಲಿ ಹಳೆಯ ಕೈಗುಣವಿಲ್ಲ ಎಂಬ ಗೊಣಗಾಟ ಹುಟ್ಟಿತು. 'ಹಳೆಯ ಮಾದರಿ' ಎಂಬ ಮಾತಿಗೆ ಬೆಲೆ ಬಂದದ್ದು ಅಲ್ಲಿಂದ. 1965ಕ್ಕೆ ಮುಂಚಿನ ಗಿಟಾರುಗಳು ಇಂದು ಸಂಗ್ರಹಕಾರರ ಪಾಲಾಗಿವೆ. ನುಡಿಸುವವರಿಗೆ ಉಳಿದಿರುವುದು ಅದೇ ಅಳತೆಯಲ್ಲಿ, ಅದೇ ಕ್ರಮದಲ್ಲಿ ಹೊಸದನ್ನು ಕೈಯಲ್ಲಿ ಮಾಡುವುದು. ಜಗತ್ತಿನ ಹಲವೆಡೆ ಒಬ್ಬಿಬ್ಬರೇ ಇರುವ ಸಣ್ಣ ಕಾರ್ಯಾಗಾರಗಳು ಇದನ್ನೇ ಕಸುಬಾಗಿ ಮಾಡಿಕೊಂಡಿವೆ.

ಕಾರ್ಕಳದ ಮಂಚ

ಫೆಂಡರ್ ಬಳಸಿದ್ದು ಆ್ಯಷ್, ಆಲ್ಡರ್, ಮೇಪಲ್ ಎಂಬ ಆ ದೇಶದ ಮರಗಳನ್ನು. ಅವು ನಮ್ಮಲ್ಲಿ ಎಲ್ಲಿಂದ ಬರಬೇಕು? "ಹಲಸು ಇಲ್ವಾ?" ಎಂದರು ಆಚಾರ್ರು. ಸರಿಯಾದ ಮಾತು. ನಮ್ಮ ಮದ್ದಳೆಯ ಒಡಲು ಹಲಸು, ವೀಣೆಯೂ ಹಲಸು. ವೀಣೆ ತಯಾರಿಕೆಗೆ ಹೆಸರಾದ ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲೂ ಹಲಸಿನದೇ ಕೆಲಸ. ಅಮೆರಿಕದ ಆಲ್ಡರಿಗಿಂತ ತೂಕ ಹೆಚ್ಚು ಎಂಬುದೊಂದು ಕುಂದು. ಅದಕ್ಕೆ ಒಳಗಿನ ಗುಳಿಗಳನ್ನು ತುಸು ಅಗಲ ಮಾಡಿದರಾಯಿತು ಎಂದು ಮಗ ತೀರ್ಮಾನಿಸಿದ.

ಎಂಥ ಹಲಸು ಎಂಬುದು ಮುಂದಿನ ಪ್ರಶ್ನೆ. ಕಾರ್ಕಳದ ಹತ್ತಿರ ನನ್ನ ತಾಯಿಯ ತವರು ಮನೆಯನ್ನು ಎರಡು ವರ್ಷದ ಹಿಂದೆ ಕೆಡವಿದ್ದರು. ನಮ್ಮ ಜಿಲ್ಲೆಯ ಹಳೆಯ ಹಂಚಿನ ಮನೆಗಳ ಗತಿಯೇ ಇದು. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಅಂಥ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಎಲ್ಲರ ಮನೆಗೂ ಆ ಭಾಗ್ಯವಿಲ್ಲ. ಸೋದರಮಾವ ತೊಲೆ, ಜಂತಿಗಳನ್ನು ಮಾರಿ, ಒಂದಿಷ್ಟನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದರು. ಅದರಲ್ಲಿ ಹಲಸಿನ ಅಗಲ ಹಲಗೆಯೊಂದು, ತೇಗದ ತೊಲೆಯ ತುಂಡೊಂದು ಸಿಕ್ಕಿತು. ಮನೆಯೊಳಗೆ ಹತ್ತಾರು ವರ್ಷ ಒಣಗಿದ ಮರಕ್ಕೆ ಸಮ ಯಾವುದಿದೆ? ಹಸಿ ಮರದಲ್ಲಿ ವಾದ್ಯ ಮಾಡಿದರೆ ಒಣಗುತ್ತ ಸೊಟ್ಟಗಾಗುತ್ತದೆ, ಜೋಡಣೆ ಬಿಡುತ್ತದೆ.

ತೇಗ ದಂಡಿಗಾಯಿತು. ದಂಡಿಯ ಮೇಲಿನ ಬೆರಳು ಹಲಗೆಗೆ ಬೇಕಾದುದು ಗಟ್ಟಿ ಮರ. ಅಲ್ಲಿಯೇ ಸಿಕ್ಕಿತು ಅಜ್ಜಿಯ ಮಂಚ! ಬೀಟೆಯದು. ಕಾಲುಗಳು ಗೆದ್ದಲಿಗೆ ಹೋಗಿದ್ದವು. ಪಕ್ಕದ ಪಟ್ಟಿ ಮಾತ್ರ ಕರಿಗೆಂಪಾಗಿ ಹೊಳೆಯುತ್ತಿತ್ತು. ಅದರಲ್ಲಿ ಎರಡೇ ಎರಡು ಬೆರಳು ಹಲಗೆ ಬರುವಷ್ಟು ಮರ. ಮಾವ ಒಂದು ಕ್ಷಣ ಸುಮ್ಮನಿದ್ದು, "ತೆಗೆದುಕೊಂಡು ಹೋಗು, ಆದರೆ ಹಾಳು ಮಾಡಬೇಡ" ಎಂದರು.

ಈ ಬೀಟೆಯ ವಿಷಯ ಸ್ವಲ್ಪ ಹೇಳಬೇಕು. ಫೆಂಡರ್ ಕಂಪೆನಿ 1958-59ರಲ್ಲಿ ಮೇಪಲ್ ಬಿಟ್ಟು ಬೆರಳು ಹಲಗೆಗೆ ಬ್ರೆಜಿಲ್ ದೇಶದ ಬೀಟೆಯನ್ನು ಬಳಸತೊಡಗಿತು. ಅರುವತ್ತರ ದಶಕದಲ್ಲಿ ಆ ಮರ ಸಿಗುವುದು ಕಷ್ಟವಾಗುತ್ತ ಬಂದಂತೆ ಗಿಟಾರು ತಯಾರಕರ ಕಣ್ಣು ಬಿದ್ದುದು ನಮ್ಮ ಕಡೆಯ ಬೀಟೆಯ ಮೇಲೆ. ಬ್ರೆಜಿಲಿನ ಬೀಟೆ 1992ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಗೆ ಸೇರಿತು. ಅಮೆರಿಕದಲ್ಲೋ ಜಪಾನಿನಲ್ಲೋ ಯಾರೋ ಗಿಟಾರಿನ ಮೇಲೆ ಬೆರಳೋಡಿಸುವಾಗ ಆ ಬೆರಳಿನ ಕೆಳಗಿರುವುದು ಎಷ್ಟೋ ಸಲ ದಕ್ಷಿಣ ಭಾರತದ ಕಾಡಿನ ಮರ! ಕಾರ್ಕಳದಿಂದ ಕುದುರೆಮುಖದ ಕಡೆ ಘಟ್ಟ ಹತ್ತುವಾಗ ಈ ಮಾತು ನೆನಪಾಗದೆ ಇರದು. 2017ರಲ್ಲಿ ಬೀಟೆಯ ಇಡೀ ಕುಲಕ್ಕೇ ಅಂತಾರಾಷ್ಟ್ರೀಯ ನಿಯಂತ್ರಣ ಬಂದು, ಪ್ರತಿ ಗಿಟಾರಿಗೂ ಪರವಾನಗಿ ಬೇಕೆಂದಾಗಿ ತಯಾರಕರು ತತ್ತರಿಸಿದರು. 2019ರಲ್ಲಿ ಸಿದ್ಧವಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರ ಮಾತ್ರ ಇಂದಿಗೂ ಅಪಾಯದಲ್ಲಿರುವ ಜಾತಿಯೇ. ನಿಂತ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಕಾದದ್ದೇ. ಆದ್ದರಿಂದಲೇ ಮಂಚದ ಆ ಪಟ್ಟಿ ನಮ್ಮ ಪಾಲಿಗೆ ಚಿನ್ನ.

ಹದಿನೆಂಟರ ಹಠ

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ವೀಣೆಯ 24 ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುವವರು ಕಿವಿಯನ್ನು ನಂಬುತ್ತಾರೆ. ಸ್ವರ ಕೇಳುತ್ತ ಕೇಳುತ್ತ ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರೆ. ಗಿಟಾರಿನಲ್ಲಿ ಹಾಗಿಲ್ಲ. ಬೆರಳು ಹಲಗೆಯಲ್ಲಿ ಗರಗಸದಿಂದ ಸೀಳು ಕೊಯ್ದು ಲೋಹದ ಮೆಟ್ಟನ್ನು ಬಡಿದು ಕೂರಿಸಿದರೆ ಮುಗಿಯಿತು, ಅದು ಕದಲದು. ಹಾಗಾಗಿ ಲೆಕ್ಕ ಮೊದಲು, ಗರಗಸ ಆಮೇಲೆ.

ಲೆಕ್ಕವೇನೋ ಸುಲಭ. ಫೆಂಡರಿನ ತಂತಿಯ ಉದ್ದ 25½ ಇಂಚು, ಅಂದರೆ 648 ಮಿಲಿಮೀಟರ್. ಹನ್ನೆರಡು ಮೆಟ್ಟು ಏರಿದಾಗ ಸ್ವರ ಇಮ್ಮಡಿಯಾಗಬೇಕು. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗಬೇಕು. ಅದಕ್ಕೆ ತಂತಿ ಅರ್ಧವಾಗಬೇಕು, 324 ಮಿಲಿಮೀಟರ್. ಒಂದೊಂದು ಮೆಟ್ಟಿಗೂ ಒಂದೇ ಅನುಪಾತದಲ್ಲಿ ತಗ್ಗುತ್ತ ಹೋಗಬೇಕಾದ್ದರಿಂದ ಆ ಅನುಪಾತ 2ರ ಹನ್ನೆರಡನೇ ಮೂಲ. ಪ್ರಥಮ ಪಿಯುಸಿಯಲ್ಲಿ ಓದುವ ಗುಣೋತ್ತರ ಶ್ರೇಢಿ, ಬೇರೇನಲ್ಲ. ಬಳಕೆಗೆ ಹೀಗೆ: ಉಳಿದ ಉದ್ದವನ್ನು 17.817ರಿಂದ ಭಾಗಿಸಿ, ಬಂದಷ್ಟು ದೂರದಲ್ಲಿ ಮುಂದಿನ ಮೆಟ್ಟು. ಮೊದಲನೆಯದು 36.37 ಮಿಲಿಮೀಟರಿನಲ್ಲಿ. ಮಗ ಇಪ್ಪತ್ತೊಂದು ಮೆಟ್ಟಿನ ಪಟ್ಟಿಯನ್ನೂ ಬರೆದುಕೊಂಡಿದ್ದ.

ನಾನು ಅಡ್ಡ ಬಾಯಿ ಹಾಕಿದೆ. ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೋ ಗೆಲಿಲಿ ಲ್ಯೂಟ್ ವಾದಕ. 1581ರ ತನ್ನ ಗ್ರಂಥದಲ್ಲಿ ಅವನು 18ಕ್ಕೆ 17 ಎಂಬ ಅನುಪಾತವನ್ನು ಹೇಳಿದ್ದಾನೆ. ಉಳಿದ ಉದ್ದವನ್ನು ಹದಿನೆಂಟರಿಂದ ಭಾಗಿಸಿದರೆ ಸಾಕು. ವಾದ್ಯ ಮಾಡುವವರು ಎಷ್ಟೋ ಕಾಲ ಇದನ್ನೇ ಬಳಸಿದರು. ಇದನ್ನು ಎಲ್ಲೋ ಓದಿ ನನಗೆ ಖುಷಿಯಾಗಿತ್ತು. "ಹಳೆಯ ಮಾದರಿಯ ವಾದ್ಯಕ್ಕೆ ಹಳೆಯ ಸೂತ್ರವೇ ಚೆಂದ. 17.8ಕ್ಕೂ 18ಕ್ಕೂ ಎಷ್ಟು ವ್ಯತ್ಯಾಸ?" ಎಂದೆ. ಮಗ ಬೇಡವೆಂದ. ಗಣಿತದ ಮೇಷ್ಟ್ರ ಜತೆ ವಾದ ಎಷ್ಟು ಹೊತ್ತು ನಡೆದೀತು! ನನ್ನ ಪಟ್ಟಿಯ ಪ್ರಕಾರವೇ ಆಚಾರ್ರು ಇಪ್ಪತ್ತೊಂದು ಸೀಳನ್ನೂ ಕೊಯ್ದರು. ಕೊಯ್ದು ಮುಗಿದ ಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಡುವನ್ನು ಗುರುತು ಮಾಡಿ, "ಮಾಷ್ಟ್ರೇ, ಹನ್ನೆರಡನೆಯದು ಅರ್ಧಕ್ಕೆ ಬರಬೇಕು ಅಂತ ಹೇಳಿದ್ದಲ್ವಾ?" ಎಂದು ಕೇಳಿದರು.

ಹನ್ನೆರಡನೇ ಸೀಳು 324ರಲ್ಲಿ ಇರಲಿಲ್ಲ. 321.6ರಲ್ಲಿತ್ತು. ಎರಡೂವರೆ ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಮರಗೆಲಸದಲ್ಲಿ ಅದು ಏನೂ ಅಲ್ಲ, ಸ್ವರದಲ್ಲಿ ಅಪಸ್ವರ. ಕುದುರೆಯನ್ನು ಮುಂದೆ ಸರಿಸಿ ಒಂದು ಮೆಟ್ಟನ್ನು ಸರಿಮಾಡಿದರೆ ಉಳಿದವು ಕೆಡುತ್ತವೆ. ಹದಿನೇಳರ ಹದಿನೆಂಟನೇ ಭಾಗವನ್ನು ಹನ್ನೆರಡು ಸಲ ಗುಣಿಸಿದರೆ 0.5036 ಬರುತ್ತದೆ, 0.5 ಅಲ್ಲ. ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಅದನ್ನು ನಾನು ಮಾಡಿರಲಿಲ್ಲ. ಅಜ್ಜಿಯ ಮಂಚದ ಅರ್ಧ ಹೋಯಿತು.

ಮಗ ಒಂದು ಮಾತನ್ನೂ ಆಡಲಿಲ್ಲ. ಮೂರು ದಿನ ಮನೆಯಲ್ಲಿ ಯಾರೊಡನೆಯೂ ಆಡಲಿಲ್ಲ ಎನ್ನುವುದು ಹೆಚ್ಚು ಸರಿ. ನಾಲ್ಕನೇ ದಿನ ನಾನೇ ಹೋಗಿ ಕ್ಷಮೆ ಕೇಳಿದೆ. ಎರಡನೇ ಪಟ್ಟಿಗೆ ಅವನ ಲೆಕ್ಕ. ಒಂದೊಂದು ಗುರುತನ್ನೂ ಹಿಂದಿನ ಗುರುತಿನಿಂದ ಅಳೆಯದೆ ಮೊದಲ ತುದಿಯಿಂದಲೇ ಅಳೆದ. ಹಿಂದಿನದರಿಂದ ಅಳೆದರೆ ಸಣ್ಣ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಗರಗಸದ ಸೀಳು ಮೆಟ್ಟಿನ ಬುಡಕ್ಕಿಂತ ದಪ್ಪವಾಗಬಾರದೆಂದು ಆಚಾರ್ರು ಅಲಗನ್ನೇ ಅರದಿಂದ ಉಜ್ಜಿ ತೆಳ್ಳಗೆ ಮಾಡಿಕೊಂಡರು. ಹಳೆಯ ಮಾದರಿಯಲ್ಲಿ ಬೆರಳು ಹಲಗೆ ಸಪಾಟಲ್ಲ, 7¼ ಇಂಚು ತ್ರಿಜ್ಯದ ವೃತ್ತದ ಕಂಸದಷ್ಟು ಉಬ್ಬು. ಅದನ್ನು ಸ್ಯಾಂಡ್ ಪೇಪರ್ ಅಂಟಿಸಿದ ಗುಳಿಗಟ್ಟಿಯಿಂದ ತೀಡಿಯೇ ತರಬೇಕು. ಎರಡು ಭಾನುವಾರ ಅದಕ್ಕೇ ಹೋದವು. ಬೀಟೆಯ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ, ಮೂಗಿಗೆ ಮಾಸ್ಕ್ ಕಟ್ಟಲೇಬೇಕು. ಮಕ್ಕಳು ಇಂಥ ಕೆಲಸಕ್ಕೆ ಇಳಿದಾಗ ಹೆತ್ತವರು ಮೊದಲು ಗಮನಿಸಬೇಕಾದದ್ದು ಇದು. ಗುಳಿ ಕೊರೆಯುವ ರೂಟರ್ ಯಂತ್ರವನ್ನಂತೂ ಅನುಭವಿಗಳು ಪಕ್ಕದಲ್ಲಿಲ್ಲದೆ ಮುಟ್ಟಲು ಬಿಡಬೇಡಿ.

ಕೂದಲಿನಂಥ ತಂತಿ

ಎಲೆಕ್ಟ್ರಿಕ್ ಗಿಟಾರಿನ ಜೀವ ಪಿಕಪ್‌ನಲ್ಲಿದೆ. ಅದು ಮೈಕ್ ಅಲ್ಲ, ಗಾಳಿಯ ಶಬ್ದವನ್ನು ಅದು ಹಿಡಿಯುವುದಿಲ್ಲ. ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಮೇಲೆ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವದು. ನಮ್ಮ ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿ ಐದು ಅಂಕಕ್ಕೆ ಬರೆಯುತ್ತಾರೆ. ನೈಲಾನ್ ತಂತಿ ಹಾಕಿದರೆ ಈ ಗಿಟಾರು ಯಾಕೆ ಮೂಕವಾಗುತ್ತದೆ ಎಂದು ಕೇಳಿ ನೋಡಿ, ಎಷ್ಟು ಜನ ಉತ್ತರಿಸುತ್ತಾರೋ!

ಸುರುಳಿಯ ತಂತಿ 42 ಗೇಜಿನದು, ದಪ್ಪ ಸುಮಾರು 0.063 ಮಿಲಿಮೀಟರ್. ತಲೆಗೂದಲಿನಷ್ಟು. ಒಂದು ಪಿಕಪ್ಪಿಗೆ ಸುಮಾರು 8000 ಸುತ್ತು, ಬಿಡಿಸಿ ಎಳೆದರೆ ಒಂದು ಕಿಲೋಮೀಟರಿಗೂ ಮಿಕ್ಕಿ. ಫೆಂಡರ್ ಕಾರ್ಖಾನೆಯಲ್ಲಿ ಇದನ್ನು ಸುತ್ತುತ್ತಿದ್ದವರು ಹೆಂಗಸರು. ಯಂತ್ರ ಬಾಬಿನನ್ನು ತಿರುಗಿಸುತ್ತದೆ, ತಂತಿಯನ್ನು ಮಾತ್ರ ಬೆರಳಲ್ಲಿ ಹಿಡಿದು ಸಾಗಿಸಬೇಕು. ಅಬಿಗೈಲ್ ಇಬಾರಾ ಎಂಬಾಕೆ 1956ರಲ್ಲಿ ಈ ಕೆಲಸಕ್ಕೆ ಸೇರಿ 2013ರಲ್ಲಿ ನಿವೃತ್ತರಾದರು. ಆಕೆ ಸುತ್ತಿದ ಪಿಕಪ್ಪಿಗಾಗಿ ಜನ ಕಾದು ಕೂರುತ್ತಿದ್ದರು. ಕೈಯಲ್ಲಿ ಸುತ್ತಿದಾಗ ಎಳೆಗಳು ಒಂದರ ಪಕ್ಕ ಒಂದು ಶಿಸ್ತಾಗಿ ಕೂರದೆ ಅಲ್ಲಲ್ಲಿ ಹಾಯ್ದು ಹೋಗುತ್ತವೆ, ದನಿಯ ಸೊಗಸು ಅದರಲ್ಲಿದೆ ಎಂದು ಬಲ್ಲವರ ವಾದ. ನಮ್ಮೂರಿನ ಮನೆ ಮನೆಗಳ ಜಗುಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರ ಬೆರಳು ನನಗೆ ನೆನಪಾಯಿತು. ನೋಡದೆಯೇ ಕಟ್ಟುತ್ತಿದ್ದರು, ಒಂದರಂತೆ ಇನ್ನೊಂದು.

ನಮ್ಮದನ್ನು ಸುತ್ತಿದ್ದು ಉಡುಪಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಪಂಪುಸೆಟ್ಟಿನ ದಪ್ಪ ತಂತಿ ಸುತ್ತಿ ಪಳಗಿದ ಆ ಹಿರಿಯರು ಈ ತಂತಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ತಂತಿಯಾ, ಜೇಡನ ಬಲೆಯಾ?" ಎಂದರು. ಮೂರು ಸಲ ತುಂಡಾಯಿತು. ಒಂದು ಸಲವಂತೂ ಆರು ಸಾವಿರ ಸುತ್ತು ದಾಟಿದ ಮೇಲೆ! ನಾಲ್ಕನೆಯದು ನಿಂತಿತು. ಮೀಟರಿನಲ್ಲಿ ಆರು ಸಾವಿರ ಓಮ್‌ಗೆ ಹತ್ತಿರ ತೋರಿಸಿತು. ಅವರು ಹಣ ತೆಗೆದುಕೊಳ್ಳಲಿಲ್ಲ. ನುಡಿಸುವಾಗ ಕರೆಯಬೇಕು ಎಂದಷ್ಟೇ ಹೇಳಿದರು.

ಅಯಸ್ಕಾಂತ, ಬಿರಡೆಗಳು, ಮೆಟ್ಟಿನ ಲೋಹ ಇವೆಲ್ಲ ಹೊರಗಿನಿಂದ ತರಿಸಿದ್ದು. ಮರ ಪುಕ್ಕಟೆ ಸಿಕ್ಕಿದರೂ ಒಟ್ಟು ಖರ್ಚು ಒಂದು ಸಾಮಾನ್ಯ ಗಿಟಾರನ್ನು ಅಂಗಡಿಯಿಂದ ತರುವಷ್ಟು ಬಂತು. ಉಳಿತಾಯಕ್ಕಾಗಿ ಇದಕ್ಕೆ ಕೈಹಾಕುವುದಾದರೆ ಬೇಡ.

ಆಷಾಢದ ಪರೀಕ್ಷೆ

ಮೇ ಕೊನೆಯಲ್ಲಿ ಗಿಟಾರು ನಿಂತಿತು. ಬಣ್ಣವಿಲ್ಲ, ಅರಗಿನ ಸ್ಪಿರಿಟ್ ಪಾಲಿಶ್ ಮಾತ್ರ. ಹಲಸಿನ ಹಳದಿ ಹಾಗೇ ಕಾಣುತ್ತದೆ. ಹೊಸ ಗಿಟಾರಿಗೆ ಬೇಕೆಂದೇ ಗೀರು ಹಾಕಿ, ಬಣ್ಣ ಕೆರೆದು ಹಳತರಂತೆ ಮಾಡಿ ಹೆಚ್ಚು ಬೆಲೆಗೆ ಮಾರುವ ಪದ್ಧತಿ ಅಮೆರಿಕದಲ್ಲಿ ತೊಂಬತ್ತರ ದಶಕದಿಂದ ಇದೆ. ಮಗ ಅದನ್ನು ಹೇಳಿದಾಗ ಆಚಾರ್ರು ನಕ್ಕುಬಿಟ್ಟರು. ನನಗೂ ಅದು ಹಿಡಿಸಲಿಲ್ಲ. ಕಾಪುವಿನ ಕಡಲ ಗಾಳಿಗೆ ಒಂದು ವರ್ಷ ಒಡ್ಡಿದರೆ ತಾನಾಗಿ ಆಗುವ ಕೆಲಸ.

ಮಳೆ ಹಿಡಿಯಿತು. ಹದಿನೈದು ದಿನದಲ್ಲಿ ತಂತಿಗಳು ಹಲಗೆಯಿಂದ ಮೇಲೆದ್ದು, ಒತ್ತಿದರೆ ಬೆರಳು ನೋಯತೊಡಗಿತು. ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ, ಒಂದು ಅಕ್ಕಿ ಮೂಟೆಗೆ ತುಸು ಕಡಿಮೆ. ತೇವ ಕುಡಿದ ದಂಡಿ ಆ ಎಳೆತಕ್ಕೆ ಬಾಗಿತ್ತು. ಫೆಂಡರಿಗೂ ಇದೇ ಆದದ್ದು. ದಂಡಿಯೊಳಗೆ ಉಕ್ಕಿನ ಸರಳು ಬೇಡವೆಂದು ಹಠ ಹಿಡಿದು ಮಾಡಿದ 1950ರ ಮೊದಲ ಗಿಟಾರುಗಳ ದಂಡಿ ಬಾಗಿ, ಅದೇ ವರ್ಷ ಸರಳು ಹಾಕಿಸಬೇಕಾಯಿತು. ನಮ್ಮ ಅದೃಷ್ಟಕ್ಕೆ ಮಗ ಮೊದಲೇ ಲೇತ್ ಅಂಗಡಿಯಲ್ಲಿ ಸರಳೊಂದಕ್ಕೆ ಮರೆ ಕೊರೆಸಿ ಬೀಟೆಯ ಅಡಿಯಲ್ಲಿ ಹುದುಗಿಸಿದ್ದ. ತಿರುಪನ್ನು ಕಾಲು ಸುತ್ತು ಬಿಗಿದ. ಒಂದು ದಿನ ಕಾದು ಮತ್ತೆ ಕಾಲು ಸುತ್ತು. ದಂಡಿ ನೆಟ್ಟಗಾಯಿತು.

ಆಷಾಢದ ಒಂದು ಭಾನುವಾರ ಆಚಾರ್ರು, ವೈಂಡಿಂಗಿನ ಹಿರಿಯರು, ಕಾರ್ಕಳದ ಮಾವ ಎಲ್ಲರೂ ನಮ್ಮ ಮನೆಗೆ ಬಂದರು. ಪತ್ರೊಡೆ, ಚಹಾ ಆಯಿತು. ಮಗ ಏನು ನುಡಿಸಿದನೋ ನನಗೆ ತಿಳಿಯಲಿಲ್ಲ, ಆ ಸಂಗೀತ ನನ್ನದಲ್ಲ. ಮಾವ ಮಾತ್ರ ಬಗ್ಗಿ ಬೆರಳು ಹಲಗೆಯನ್ನು ಮುಟ್ಟಿ ನೋಡಿ, "ಅಮ್ಮನ ಮಂಚ" ಎಂದರು. ಆ ಸೆಮಿಸ್ಟರಿನಲ್ಲಿ ಅವನ ಅಂಕ ಸ್ವಲ್ಪ ಇಳಿದಿತ್ತು. ಫೇಲಾಗಿರಲಿಲ್ಲ, ಷರತ್ತು ಅಷ್ಟೇ ಇದ್ದುದು. ಇಳಿದುದಕ್ಕೆ ಬೈದೆ ಎಂದೂ ಹೇಳಿಬಿಡುತ್ತೇನೆ.

ಹಾಳಾದ ಮೊದಲ ಪಟ್ಟಿಯನ್ನು ನಾನು ಎಸೆಯಲಿಲ್ಲ. ಗುಣೋತ್ತರ ಶ್ರೇಢಿಯ ಪಾಠ ಬಂದಾಗ ತರಗತಿಗೆ ಒಯ್ಯುತ್ತೇನೆ. ಇಪ್ಪತ್ತೊಂದು ಸೀಳನ್ನು ಅಳೆಯಲು ಹೇಳಿ, ಹನ್ನೆರಡನೆಯದು ಎಲ್ಲಿರಬೇಕಿತ್ತು, ಎಲ್ಲಿದೆ ಎಂದು ಕೇಳುತ್ತೇನೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಇಷ್ಟು ಒಳ್ಳೆಯ ಬೀಟೆಯನ್ನು ಹಾಳು ಮಾಡಿದ್ದು ಯಾರು?" ಎಂದಳು.